ನಾನು ಅಂದರೆ ಎರಡು ಪೌಂಡು

ನಮ್ಮ ದೊಡ್ಡತೋಗೂರಿನ ಬೀದಿಗೆ ಬೆಳಿಗ್ಗೆ ಹತ್ತರ ಸುಮಾರಿಗೆ ಗುಜರಿ ಗಾಡಿ ಬರುತ್ತದೆ. ಮೊದಲೆಲ್ಲ ತಳ್ಳುಗಾಡಿ, ಬಾಯಲ್ಲೇ ಕೂಗು. 'ಹಳೇ ಪೇಪರ್, ಹಳೇ ಕಬ್ಬಿಣ, ಖಾಲಿ ಸೀಸೆ' ಅಂತ ಎಳೆದೆಳೆದು ಕೂಗುತ್ತಿದ್ದ ಆ ರಾಗ ಇನ್ನೂ ನನ್ನ ಕಿವಿಯಲ್ಲಿದೆ. ಈಗ ಮೂರು ಚಕ್ರದ ಗಾಡಿ, ಅದರ ನೆತ್ತಿಗೆ ಮೈಕು, ಮೈಕಿನಲ್ಲಿ ರೆಕಾರ್ಡು. ಪುಣ್ಯಾತ್ಮ ಮೂಲೆ ಅಂಗಡಿಯಲ್ಲಿ ಟೀ ಕುಡಿಯುತ್ತ ನಿಂತಿದ್ದರೂ ಗಾಡಿ ತನ್ನಷ್ಟಕ್ಕೆ ತಾನು ಕೂಗಿಕೊಳ್ಳುತ್ತಿರುತ್ತದೆ. ಪಟ್ಟಿಯೂ ಬೇರೆಯಾಗಿದೆ. ಹಳೇ ಕಂಪ್ಯೂಟರ್, ಹಳೇ ಲ್ಯಾಪ್‌ಟಾಪ್, ಯುಪಿಎಸ್ ಬ್ಯಾಟರಿ ಎಲ್ಲ ಮುಂದೆ ಬಂದು ಕಬ್ಬಿಣ ಕೊನೆಗೆ ಹೋಗಿದೆ. ಎಲೆಕ್ಟ್ರಾನಿಕ್ ಸಿಟಿಯ ಗುಜರಿ ಅಂದಮೇಲೆ ಹಾಗೇ ಇರಬೇಕು, ಅಲ್ವಾ?

ಆ ರೆಕಾರ್ಡಿನಲ್ಲಿ ಒಂದು ವಿಶೇಷ ಇದೆ. 'ಹಳೇ ಲ್ಯಾಪ್‌ಟಾಪ್' ಆದಮೇಲೆ, 'ಹಳೇ ಫ್ರಿಜ್' ಅನ್ನುವುದಕ್ಕೆ ಮೊದಲು, ದೂರದಲ್ಲೆಲ್ಲೋ ಒಂದು ಕೋಳಿ ಕೂಗುತ್ತದೆ. ರೆಕಾರ್ಡು ಮಾಡಿದ ದಿನ ಅವನ ಮನೆ ಹಿತ್ತಲಲ್ಲಿ ಕೂಗಿದ್ದಿರಬೇಕು. ಎರಡು ವರ್ಷದಿಂದ ದಿನಾ ಹತ್ತು ಗಂಟೆಗೆ ಆ ಕೋಳಿ ನಮ್ಮ ಬೀದಿಯಲ್ಲಿ ಕೂಗುತ್ತಿದೆ. ಅದು ಎಂದೋ ಸಾರಾಗಿ ಹೋಗಿರಬಹುದು, ಕೂಗು ಮಾತ್ರ ಹಾಗೇ ಇದೆ. ಪಕ್ಕದ ಮನೆ ಮೇಷ್ಟ್ರಿಗೆ ಇದನ್ನು ಹೇಳಿದೆ. ಮಾರನೇ ದಿನ ಅವರು ಕಾಂಪೌಂಡಿನ ಹತ್ತಿರ ಬಂದು ನಿಂತು, ಕಿವಿಗೊಟ್ಟು ಕೇಳಿ, 'ಹೌದಲ್ಲಮ್ಮಾ, ನಾಟಿ ಹುಂಜ' ಅಂದರು.

ಮೇಷ್ಟ್ರು ಅವತ್ತು ಬರಿಗೈಯಲ್ಲಿ ಬಂದಿರಲಿಲ್ಲ. ಕಂಕುಳಲ್ಲಿ ಒಂದು ಹಳೇ ಬಿಸ್ಕತ್ತಿನ ಡಬ್ಬ. ಮುಚ್ಚಳ ತೆಗೆದು ತೋರಿಸಿದರು. ಒಳಗೆ ಹತ್ತಿಪ್ಪತ್ತು ಫ್ಲಾಪಿ. ಈಗಿನ ಮಕ್ಕಳಿಗೆ ಫ್ಲಾಪಿ ಅಂದರೆ 'ಸೇವ್' ಬಟನ್ನಿನ ಚಿತ್ರ, ಅಷ್ಟೇ. ನಮಗೆ ಅದು ಒಂದು ವಸ್ತು. ಅಂಗೈಯಷ್ಟು ಅಗಲ, ಮೇಲೆ ಜಾರುವ ತಗಡಿನ ಬಾಗಿಲು. ಸುಮ್ಮನೆ ಕೂತಾಗ ಆ ಬಾಗಿಲನ್ನು ಟಕ್ ಟಕ್ ಅಂತ ಎಳೆದು ಬಿಡುವುದರಲ್ಲಿ ಏನೋ ಒಂದು ಸುಖ ಇತ್ತು. ಹಿಡಿಸುತ್ತಿದ್ದದ್ದು 1.44 ಎಂಬಿ. ಈಗಿನ ಫೋನು ತೆಗೆಯುವ ಒಂದು ಫೋಟೋ ಕೂಡ ಅದರಲ್ಲಿ ಹಿಡಿಯುವುದಿಲ್ಲ.

'ಮಗ ಮನೆ ಕ್ಲೀನ್ ಮಾಡ್ತಿದಾನೆ. ಇದನ್ನ ಗುಜರಿಗೆ ಹಾಕಿಬಿಡಲಾ ಅಂತ,' ಅಂದರು.

'ಹಾಕಬೇಡಿ ಮೇಷ್ಟ್ರೇ' ಅಂದೆ. ತಾನಾಗಿ ಬಾಯಿಗೆ ಬಂತು. ಯಾಕೆ ಅಂತ ಹೇಳಬೇಕಾದರೆ ನಮ್ಮ ಮಂಚದ ಕೆಳಗಿನ ಸಂಗತಿಯಿಂದ ಶುರು ಮಾಡಬೇಕು.

ನಮ್ಮ ಮಂಚದ ಕೆಳಗೆ ಒಂದು ಕಂಪ್ಯೂಟರಿನ ಡಬ್ಬ ಇದೆ. ಯಜಮಾನರು 2000ದಲ್ಲಿ ಎಸ್.ಪಿ. ರೋಡಿನಲ್ಲಿ ಅಂಗಡಿ ಅಂಗಡಿ ಸುತ್ತಿ ಬಿಡಿಭಾಗ ಕೊಂಡು ತಾವೇ ಜೋಡಿಸಿದ್ದು. ಅವರು ಇಲ್ಲಿಯ ಒಂದು ಕಾರ್ಖಾನೆಯಲ್ಲಿ ಬೋರ್ಡುಗಳಿಗೆ ಬೆಸುಗೆ ಹಾಕುತ್ತಲೇ ಸರ್ವಿಸು ಮುಗಿಸಿದವರು. ಎಲೆಕ್ಟ್ರಾನಿಕ್ ಸಿಟಿ ಅಂದರೆ ಈಗ ಎಲ್ಲರ ಕಣ್ಣಿಗೂ ಕಟ್ಟುವುದು ಸಾಫ್ಟ್‌ವೇರು, ಕೊರಳಿನ ಟ್ಯಾಗು, ಇನ್ಫೋಸಿಸ್‌ನ ಗಾಜಿನ ಪಿರಮಿಡ್ಡು. ಆದರೆ ಊರಿನ ಹೆಸರು ನೋಡಿ. ಸಾಫ್ಟ್‌ವೇರ್ ಸಿಟಿ ಅಂತಿಲ್ಲ. ಆರ್.ಕೆ. ಬಾಳಿಗರು ರಾಜ್ಯ ಸರ್ಕಾರದ ಕಿಯೋನಿಕ್ಸ್‌ನಲ್ಲಿದ್ದಾಗ, 70ರ ದಶಕದ ಕೊನೆಯಲ್ಲಿ, ಕೋನಪ್ಪನ ಅಗ್ರಹಾರ ಮತ್ತು ನಮ್ಮ ದೊಡ್ಡತೋಗೂರಿನ 332 ಎಕರೆ ರಾಗಿ ಹೊಲದ ಮೇಲೆ ಈ ಊರು ಎದ್ದಿತು. ಆಗ ಇಟ್ಟ ಹೆಸರಿನಲ್ಲಿ ಬೆಸುಗೆಯ ವಾಸನೆ ಇದೆ. ಯಜಮಾನರಿಗೆ ಆ ವಾಸನೆ ಅಂದರೆ ನಮಗೆ ಒಗ್ಗರಣೆ ಇದ್ದಂತೆ.

ಯಾವ ವಸ್ತು ಕೈಗೆ ಬಂದರೂ ಅವರು ಮೊದಲು ನೋಡುವುದು ಅದರ ಬೆನ್ನು. ಸ್ಕ್ರೂ ಕಂಡರೆ ಮುಖ ಅರಳುತ್ತದೆ. ಗಮ್ ಹಾಕಿ ಅಂಟಿಸಿದ್ದರೆ 'ಇದಕ್ಕೆ ಹುಟ್ಟುವಾಗಲೇ ಜಾತಕ ಬರೆದು ಕಳಿಸಿದಾರೆ' ಅನ್ನುತ್ತಾರೆ. ಮೊನ್ನೆ ಮಗನ ಕಿವಿಯ ಇಯರ್‌ಬಡ್ಸ್ ಹಾಗೇ ಆಯಿತು. ಎರಡು ವರ್ಷ ಚೆನ್ನಾಗಿ ಹಾಡಿ, ಬರಬರುತ್ತ ಅರ್ಧ ಗಂಟೆಗೇ ಸುಸ್ತಾಗತೊಡಗಿತು. ಒಳಗಿನ ಬ್ಯಾಟರಿ ಹುರಿಗಡಲೆಯಷ್ಟು. ಅದೊಂದು ಬದಲಾದರೆ ಮುಗಿಯಿತು. ಆದರೆ ತೆರೆಯುವ ದಾರಿಯೇ ಇಲ್ಲ, ಸುತ್ತ ಅಂಟು. ಯಜಮಾನರು ಬ್ಲೇಡು, ಬಿಸಿಗಾಳಿ ಎಲ್ಲ ಪ್ರಯೋಗಿಸಿ ಕೊನೆಗೆ ಒಡೆದೇ ತೆರೆದರು. ಬ್ಯಾಟರಿ ಸಿಕ್ಕಿತು, ಹಾಕುವುದಕ್ಕೆ ಮನೆ ಉಳಿಯಲಿಲ್ಲ. ಅವತ್ತು ಅವರು ಊಟ ಕೂಡ ಸರಿಯಾಗಿ ಮಾಡಲಿಲ್ಲ ಅನ್ನಿ.

ಅದೇ ಮನೆಯಲ್ಲಿ ಮಾವನವರ ಎಚ್‌ಎಂಟಿ ಜನತಾ ವಾಚು ಇದೆ. ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ಯಜಮಾನರು ಅದಕ್ಕೆ ಕೀ ಕೊಡುತ್ತಾರೆ. ಹೆಬ್ಬೆರಳು, ತೋರುಬೆರಳಿನ ನಡುವೆ ಕರ್ ಕರ್ ಅಂತ ಆ ಸಣ್ಣ ಸದ್ದು ಕೇಳಿದರೆ ಮನೆ ಎದ್ದಿತು ಅಂತ ಲೆಕ್ಕ. ಜಪಾನಿನ ಸಿಟಿಜನ್ ಕಂಪನಿಯ ಕೈಹಿಡಿದು ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಶುರುವಾದದ್ದು 1961ರಲ್ಲಿ. 2016ರಲ್ಲಿ ಎಚ್‌ಎಂಟಿ ವಾಚಸ್ ಕಂಪನಿ ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ಕಂಪನಿ ಹೋದರೂ ವಾಚಿಗೆ ಅದು ಗೊತ್ತೇ ಆಗಿಲ್ಲ. ಆನೇಕಲ್ಲಿನಲ್ಲಿ ಒಬ್ಬರು ರಿಪೇರಿಯವರಿದ್ದಾರೆ, ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು, ಹಿಂಬದಿಯ ಮುಚ್ಚಳ ತೆಗೆಯುತ್ತಾರೆ. ಒಳಗೆಲ್ಲ ಕಣ್ಣಿಗೆ ಕಾಣುವ ಹಲ್ಲು, ಚಕ್ರ, ಸ್ಪ್ರಿಂಗು. ಕಂಡದ್ದನ್ನು ರಿಪೇರಿ ಮಾಡಬಹುದು, ಅಲ್ವಾ? ಅವರ ಡ್ರಾಯರಿನಲ್ಲಿ ಸತ್ತ ಎಚ್‌ಎಂಟಿಗಳ ಒಂದು ರಾಶಿಯೇ ಇದೆ. ಒಂದರ ಚಕ್ರ ಇನ್ನೊಂದಕ್ಕೆ. ಹಾಗೆ ನೋಡಿದರೆ ನಮ್ಮ ವಾಚಿನಲ್ಲಿ ಈಗ ಎಷ್ಟು ಜನರ ಮಾವಂದಿರು ಇದ್ದಾರೋ.

ಗಟ್ಟಿತನದ ಮಾತು ಬಂದರೆ ಮೇಷ್ಟ್ರು ದೂರವಾಣಿ ನಗರದ ಐಟಿಐ ಫೋನು ಎತ್ತುತ್ತಾರೆ. ಕರೀ ಫೋನು, ಬೆರಳು ಹಾಕಿ ತಿರುಗಿಸುವ ಚಕ್ರ. ಅವರು ಮೊದಲು ಕೆಲಸ ಮಾಡಿದ ಸ್ಕೂಲಿನಲ್ಲಿ ಹೆಡ್‌ಮಾಸ್ಟರ ಮೇಜಿನ ಮೇಲೆ ಇತ್ತಂತೆ, ಮೇಜು ಮುರಿದು ಬಿದ್ದರೂ ಫೋನಿಗೆ ಏನೂ ಆಗಲಿಲ್ಲವಂತೆ. ನಾನು ನೋಕಿಯಾ 1100 ಅಂದೆ. ತಲೆಯಲ್ಲಿ ಟಾರ್ಚು ಇದ್ದ ಫೋನು, ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ನಮ್ಮ ಅತ್ತಿಗೆಯದು ಒಮ್ಮೆ ರಾಗಿ ಮೂಟೆಯೊಳಗೆ ಬಿದ್ದು ಮಿಲ್ಲಿನ ತನಕ ಹೋಗಿ ಬಂದಿತ್ತು, ಅಲ್ಲಿಂದಲೇ ರಿಂಗಾಗಿ ಸಿಕ್ಕಿತು.

ಆದರೆ ಗಟ್ಟಿ ಇದ್ದರೆ ಸಾಲದು ಅನ್ನುವುದಕ್ಕೆ ಪೇಜರ್ ಇದೆಯಲ್ಲ. 90ರ ದಶಕದ ಕೊನೆಯಲ್ಲಿ ಯಜಮಾನರ ಸೊಂಟದಲ್ಲಿ ಒಂದಿತ್ತು. ಅದು ಕೆಡಲಿಲ್ಲ. ಇವತ್ತು ಬ್ಯಾಟರಿ ಹಾಕಿದರೂ ಕಣ್ಣು ಬಿಡುತ್ತದೆ, ಪಿಳಿಪಿಳಿ ನೋಡುತ್ತದೆ. ಕರೆಯುವವರೇ ಇಲ್ಲ. ವಸ್ತು ಉಳಿದು ಅದರ ಆಚೆ ಬದಿ ಹೋದರೆ ಹೀಗೆ.

ಆಚೆ ಬದಿ ಅಂದರೆ ಕಂಪನಿ. ಕಂಪನಿಗಳ ಬಗ್ಗೆ ಮೇಷ್ಟ್ರಿಗೆ ಖಡಕ್ ಅಭಿಪ್ರಾಯ ಇದೆ. ಬಿಟ್ಟಿ ಜಾಗ ಕೊಡುತ್ತೇನೆ ಅನ್ನುವವನ ಮನೆಯಲ್ಲಿ ಬೀರು ಇಡಬಾರದು ಅನ್ನುತ್ತಾರೆ. ಆರ್ಕುಟ್ ಅನ್ನುವ ಜಾಲತಾಣದಲ್ಲಿ ಒಂದು ಕಾಲಕ್ಕೆ ಈ ಊರಿನ ಹುಡುಗರೆಲ್ಲ ಇದ್ದರು. 2014ರ ಸೆಪ್ಟೆಂಬರಿನಲ್ಲಿ ಅದು ಬಾಗಿಲು ಹಾಕಿತು. ಅದು ಹೋಗಲಿ, ಹೊರಗಿನದು. ನಮ್ಮ ಬೆಂಗಳೂರಿನದೇ ಆದ 'ಕೂ' 2020ರಲ್ಲಿ ಶುರುವಾದದ್ದೇ ಮೊದಲು ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ಬರೆಯಲು ಸಂಕೋಚಪಡುತ್ತಿದ್ದ ಎಷ್ಟೋ ಜನ ಅಲ್ಲಿ ಎರಡು ಸಾಲು ಕನ್ನಡದಲ್ಲಿ ಬರೆದರು, ಚುಟುಕ ಬರೆದರು, ಅಡುಗೆ ಬರೆದರು. 2024ರ ಜುಲೈನಲ್ಲಿ ಅದೂ ಮುಚ್ಚಿತು. ದುಡ್ಡು ಹುಟ್ಟದಿದ್ದರೆ ಯಾವ ಅಂಗಡಿ ತಾನೆ ನಡೆದೀತು, ನನಗೆ ಅದರ ಬಗ್ಗೆ ಸಿಟ್ಟಿಲ್ಲ. ಬರೆದವರು ತಮ್ಮದನ್ನು ಇನ್ನೊಂದು ಕಡೆಯೂ ಇಟ್ಟುಕೊಂಡಿದ್ದರೋ ಇಲ್ಲವೋ ಅನ್ನುವುದೇ ನನ್ನ ಯೋಚನೆ.

ಸಿಂಪ್ಯೂಟರ್ ನೆನಪಿದೆಯಾ? ಟಾಟಾ ಇನ್‌ಸ್ಟಿಟ್ಯೂಟಿನ (ಐಐಎಸ್‌ಸಿ) ಮೇಷ್ಟ್ರುಗಳು ಸೇರಿ, ಓದುಬರಹ ಬಾರದವರ ಕೈಗೂ ಕಂಪ್ಯೂಟರ್ ಕೊಡಬೇಕು ಅಂತ ಮಾಡಿದ ಅಂಗೈಯಗಲದ ಯಂತ್ರ. 2004ರಲ್ಲಿ ಬಿಇಎಲ್ ಕಾರ್ಖಾನೆಯಲ್ಲಿ ಅದರ 'ಅಮಿಡ' ತಯಾರಾಯಿತು. ಕೈಯಲ್ಲಿ ಹಿಡಿದು ಓರೆ ಮಾಡಿದರೆ ಪುಟ ತಿರುಗುತ್ತಿತ್ತು. ಆ ಹೊತ್ತಿಗೆ ಅದು ಎಂಥಾ ಬೆರಗು! ಯಂತ್ರ ಬಾಳಲಿಲ್ಲ. ಆದರೆ ಅದಕ್ಕಾಗಿ ನಮ್ಮ ಭಾಷೆಗಳನ್ನು ಗಟ್ಟಿಯಾಗಿ ಓದಿ ಹೇಳುವ 'ಧ್ವನಿ' ಅನ್ನುವ ಒಂದು ತಂತ್ರಾಂಶ ಬರೆದಿದ್ದರು. ಅದನ್ನು ಎಲ್ಲರೂ ತೆರೆದು ನೋಡುವ ಹಾಗೆ, ತಿದ್ದುವ ಹಾಗೆ ಬಿಟ್ಟಿದ್ದರು. ಮುಂದೆ ಸಂತೋಷ್ ತೋಟ್ಟಿಂಗಲ್ ಅನ್ನುವವರು ಅದನ್ನು ಎತ್ತಿಕೊಂಡು ಇನ್ನಷ್ಟು ಭಾಷೆಗಳಿಗೆ ಬೆಳೆಸಿದರು. ಯಜಮಾನರಿಗೆ ಈ ಕಥೆ ಹೇಳಿದಾಗ 'ಅದಕ್ಕೆ ಸ್ಕ್ರೂ ಇತ್ತು ಅನ್ನು' ಅಂದರು.

ಈಗ ಮಂಚದ ಕೆಳಗಿನದಕ್ಕೆ ಬರುತ್ತೇನೆ.

ನಮ್ಮಮ್ಮನಿಗೆ ಸೋಬಾನೆ ಪದಗಳು ಬಾಯಿಗೆ ಬರುತ್ತಿದ್ದವು. ಆನೇಕಲ್ ಸುತ್ತಿನ ಮದುವೆಗಳಲ್ಲಿ ಅಮ್ಮ ಇದ್ದರೆ ಅರಿಶಿನದ ಶಾಸ್ತ್ರಕ್ಕೆ ಒಂದು ಕಳೆ. 2001ರ ಬೇಸಿಗೆಯಲ್ಲಿ ಅವನ್ನೆಲ್ಲ ಬರೆಸಿಡಬೇಕು ಅಂತ ಒಂದು ಡಿಟಿಪಿ ಸೆಂಟರಿಗೆ ಕರೆದುಕೊಂಡು ಹೋದೆ. ಅಮ್ಮ ಹೇಳುವುದು, ಅಲ್ಲಿಯ ಹುಡುಗಿ ಟೈಪು ಮಾಡುವುದು ಅಂತ ಮಾತಾಗಿತ್ತು. ಆದರೆ ಅಮ್ಮನಿಗೆ ಬರೀ ಹೇಳುವುದಕ್ಕೆ ಬರಲಿಲ್ಲ. ರಾಗ ಬಿಟ್ಟರೆ ಪದ ಮರೆತುಹೋಗುತ್ತಿತ್ತು. ಎರಡು ಸಾಲು ಹೇಳಿ ನಿಲ್ಲುವುದು, ತಲೆ ಕೆರೆದುಕೊಳ್ಳುವುದು. ಕೊನೆಗೆ ಆ ಹುಡುಗಿಯೇ 'ಅಜ್ಜಿ, ಹಾಡಿಬಿಡಿ, ನಾನು ಹೇಗೋ ಹಿಡ್ಕೋತೀನಿ' ಅಂದಳು. ಸ್ಟೂಲಿನ ಮೇಲೆ ಕೂತು ಅಮ್ಮ ಹಾಡಿದರು. ಲಗ್ನಪತ್ರಿಕೆ ಮಾಡಿಸಲು ಬಂದಿದ್ದವರು, ಜೆರಾಕ್ಸಿಗೆ ಬಂದಿದ್ದವರು ಬಾಗಿಲಲ್ಲೇ ನಿಂತುಬಿಟ್ಟರು. ನಾಲ್ಕು ಮಧ್ಯಾಹ್ನ, 42 ಪುಟ, ಎರಡು ಫ್ಲಾಪಿ. ನಡುವೆ ಅಮ್ಮ ತಮ್ಮ ತವರಿನ ಕಥೆಯನ್ನೂ ಒಂದಿಷ್ಟು ಸೇರಿಸಿದ್ದರು, ಕೇಳದಿದ್ದರೂ.

ಅಮ್ಮ 2009ರಲ್ಲಿ ಹೋದರು. 2022ರಲ್ಲಿ ಮಗಳ ಮದುವೆ ಗೊತ್ತಾದಾಗ ಫ್ಲಾಪಿ ನೆನಪಾಯಿತು. ಒಂದಕ್ಕೆ ಬೂಷ್ಟು ಹಿಡಿದು ಹೋಗಿತ್ತು. ಇನ್ನೊಂದನ್ನು ಮಂಚದ ಕೆಳಗಿನ ಯಂತ್ರ ಕರ್ರ್ ಕರ್ರ್ ಅಂತ ಕೊಸರಾಡಿಕೊಂಡು ಓದಿತು. ಕಡತವನ್ನು ಮಗನ ಲ್ಯಾಪ್‌ಟಾಪಿಗೆ ಹಾಕಿ ತೆರೆದರೆ ಕನ್ನಡವೇ ಇಲ್ಲ! ಇಂಗ್ಲಿಷ್ ಅಕ್ಷರ, ತಲೆಮೇಲೆ ಗೀಟು ಇರುವ ಎ, ನಡುನಡುವೆ ಇಂಗ್ಲೆಂಡಿನ ದುಡ್ಡಿನ ಗುರುತು. ಪುಟದ ತುಂಬ ಪೌಂಡು. ಹಾಡಿಗೂ ಬ್ಯಾಂಕಿಗೂ ಏನು ಸಂಬಂಧ ಅಂತ ನಾನು ಕಂಗಾಲು.

ಮಗ ಕೂತು ಬಿಡಿಸಿ ಹೇಳಿದ. ಆಗಿನ ಕಾಲದ ಫಾಂಟುಗಳಿಗೆ ಒಟ್ಟು 256 ಮನೆ. ಎಲ್ಲದರಲ್ಲೂ ಇಂಗ್ಲಿಷಿನ, ಯುರೋಪಿನ ಅಕ್ಷರಗಳು ಮೊದಲೇ ವಾಸವಾಗಿದ್ದವು. ಕನ್ನಡಕ್ಕೆ ಸ್ವಂತ ಮನೆ ಇಲ್ಲ. ಹಾಗಾಗಿ ಕನ್ನಡದ ಅಕ್ಷರಗಳು, ಒತ್ತು, ಕೊಂಬು ಎಲ್ಲ ಅವರ ಮನೆಗಳಲ್ಲೇ ಪಿಜಿ ಹುಡುಗರ ಹಾಗೆ ಸೇರಿಕೊಂಡವು. 'ನ' ಹೋಗಿ ಪೌಂಡಿನ ಮನೆಯಲ್ಲಿ ಉಳಿಯಿತು. ಕಡತದಲ್ಲಿ ಬರೆದಿರುವುದು ಮನೆ ನಂಬರು ಅಷ್ಟೇ. ಆ ಫಾಂಟು ಜೊತೆಗಿದ್ದರೆ ಬಾಗಿಲು ತೆರೆದಾಗ 'ನ' ಬರುತ್ತದೆ, ಇಲ್ಲದಿದ್ದರೆ ಮನೆ ಮಾಲೀಕ ಪೌಂಡೇ ಬಂದು ನಿಲ್ಲುತ್ತಾನೆ. ಹಾಗಾಗಿ 'ಕನ್ನಡ' ಅಂತ ಬರೆದರೆ ನಡುವೆ ಒಂದು ಪೌಂಡು. 'ನಾನು' ಅಂದರೆ ಎರಡು ಪೌಂಡು. ಅಮ್ಮ ತವರಿನ ಕಥೆ ಹೇಳಿದ ಪುಟದಲ್ಲಿ ಎಲ್ಲಿ ನೋಡಿದರೂ ಆ ಜೋಡಿ. ನಾನು, ನಾನು, ನಾನು. ಅಮ್ಮ ಯಾವತ್ತೂ ತಮ್ಮ ಬಗ್ಗೆ ಮಾತಾಡಿದವರಲ್ಲ ಅಂದುಕೊಂಡಿದ್ದೆ ನಾನು.

ಇದರಲ್ಲಿ ಯಾರ ತಪ್ಪೂ ಇಲ್ಲ ನೋಡಿ. ಆ ದಾರಿ ಇರದಿದ್ದರೆ ಕಂಪ್ಯೂಟರಿನಲ್ಲಿ ಕನ್ನಡವೇ ಬರುತ್ತಿರಲಿಲ್ಲ. ಶೇಷಾದ್ರಿವಾಸು ಅವರು 1998ರಲ್ಲಿ 'ಬರಹ' ಕೊಟ್ಟರು. ಕನ್ನಡ ಗಣಕ ಪರಿಷತ್ತಿನವರು 'ನುಡಿ' ಕೊಟ್ಟರು, ಅದರ ಕೀಲಿಮಣೆ ಕೆ.ಪಿ. ರಾವ್ ಅವರ ತಲೆಯಿಂದ ಬಂದದ್ದು. ಇವತ್ತು ಕನ್ನಡದಲ್ಲಿ ಟೈಪು ಮಾಡುವ ಪ್ರತಿಯೊಬ್ಬರ ಬೆರಳಿಗೂ ಅವರ ಋಣ ಇದೆ. ಯೂನಿಕೋಡ್ ಬಂದಮೇಲೆ ಕನ್ನಡಕ್ಕೆ 128 ಸೈಟಿನ ಸ್ವಂತ ಬಡಾವಣೆ ಆಯಿತು, ಖಾತೆ ಸಮೇತ. ಕೆಲವು ಸೈಟು ಇನ್ನೂ ಖಾಲಿ ಇವೆ. 2012ರಲ್ಲಿ ಕರ್ನಾಟಕ ಸರ್ಕಾರವೂ ಯೂನಿಕೋಡನ್ನು ಒಪ್ಪಿಕೊಂಡಿತು. ಆದರೆ ಅದಕ್ಕೆ ಮುಂಚಿನ ಹತ್ತು ಹದಿನೈದು ವರ್ಷ ಡಿಟಿಪಿ ಅಂಗಡಿಗಳಲ್ಲಿ, ಕಚೇರಿಗಳಲ್ಲಿ, ಪತ್ರಿಕೆಗಳಲ್ಲಿ ಟೈಪಾದ ಕನ್ನಡ ಎಲ್ಲ ಇನ್ನೂ ಪಿಜಿಯಲ್ಲೇ ಇದೆ. ಎಷ್ಟು ಜನರ ಬೀರುವಿನಲ್ಲಿ ಎಷ್ಟು ಪೌಂಡು ಇದೆಯೋ.

ಹಳೇ ಫಾಂಟಿನದನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳನ್ನು ನಮ್ಮ ಕನ್ನಡದ ಹುಡುಗರೇ ಬರೆದು ಬಿಟ್ಟಿಯಾಗಿ ಹಂಚಿದ್ದಾರೆ. ಮಗ ಒಂದರಲ್ಲಿ ಹಾಕಿದ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಅಮ್ಮ ಬಂದುಬಿಟ್ಟರು. ಪೂರ್ತಿ ಅಲ್ಲ. ಅರ್ಕಾವೊತ್ತು ಅಲ್ಲಲ್ಲಿ ಜಾಗ ತಪ್ಪಿತ್ತು. ಅದೊಂದು ಬೇರೆಯೇ ಪುರಾಣ. ಅರ್ಕಾವೊತ್ತು ನೋಡುವುದಕ್ಕೆ ಕನ್ನಡದ ಒಂಬತ್ತರ ಹಾಗೇ ಇದೆಯಲ್ಲ, ಅದು ಎಲ್ಲಿದೆ ಅಂತ ಕೀಲಿಮಣೆಯಲ್ಲಿ ಸಿಗದವರು ಒಂಬತ್ತನ್ನೇ ಒತ್ತಿಬಿಡುತ್ತಾರೆ. 'ಕನಾ೯ಟಕ'. ಕಣ್ಣಿಗೆ ಕರ್ನಾಟಕವೇ. ಕಂಪ್ಯೂಟರಿಗೆ ಅದು ನಡುವೆ ಒಂಬತ್ತು ಸಿಕ್ಕಿಕೊಂಡ ಯಾವುದೋ ಊರು. ಕರ್ನಾಟಕ ಅಂತ ಹುಡುಕಿದರೆ ಅದು ಸಿಗುವುದೇ ಇಲ್ಲ. ಇದು ತಿಳಿದಮೇಲೆ ನನ್ನ ಕಣ್ಣಿಗೆ ಬೋರ್ಡಿನಲ್ಲಿ, ಲಗ್ನಪತ್ರಿಕೆಯಲ್ಲಿ, ಎಲ್ಲೆಲ್ಲೂ ಒಂಬತ್ತೇ ಬೀಳುತ್ತದೆ. ಮೇಷ್ಟ್ರು 'ವರ್ಷ'ವನ್ನು ಇಪ್ಪತ್ತು ವರ್ಷದಿಂದ ಹಾಗೇ ಬರೆಯುತ್ತಿದ್ದರಂತೆ. ಗೊತ್ತಾದ ದಿನ ಬಹಳ ಹೊತ್ತು ಸುಮ್ಮನೆ ಕೂತಿದ್ದರು.

ಬೂಷ್ಟು ಹಿಡಿದ ಫ್ಲಾಪಿಯ ಕಥೆ ಏನಾಯಿತು ಅಂತೀರಾ? ಡಿಟಿಪಿ ಹುಡುಗಿ ಆವತ್ತೇ ಒಂದು ಪ್ರಿಂಟು ತೆಗೆದು ಕೊಟ್ಟಿದ್ದಳು. ಅದನ್ನು ದೊಡ್ಡಮ್ಮ ಇಸಿದುಕೊಂಡು ಹೋಗಿದ್ದರು. ಹೊಸೂರಿನ ಅವರ ಮನೆಯಲ್ಲಿ, ಪಂಚಾಂಗಗಳ ಜೊತೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟಿದ್ದರು. ಅಂಚು ಹಳದಿ, ಎರಡು ಪುಟಕ್ಕೆ ಎಣ್ಣೆ ಕಲೆ, ಮತ್ತೆಲ್ಲ ಸರಿ. ಮೂರು ಮದುವೆಗೆ ಅದನ್ನು ನೋಡಿಕೊಂಡೇ ಹಾಡಿದ್ದರಂತೆ!

ನಮ್ಮ ಅಜ್ಜನ ಮನೆಯಲ್ಲಿ ಹಗೇವು ಇತ್ತು. ನೆಲದೊಳಗೆ ಕೊಡದ ಆಕಾರದ ಗುಂಡಿ, ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಅದರಲ್ಲಿ ರಾಗಿ ಸುರಿದು ಬಾಯಿ ಮುಚ್ಚಿದರೆ ವರ್ಷಗಟ್ಟಲೆ ತಿರುಗಿ ನೋಡಬೇಕಾಗಿರಲಿಲ್ಲ. ತೆಗೆಯುವಾಗ ಮಾತ್ರ ಜೋಪಾನ. ಬಾಯಿ ತೆರೆದು, ಒಳಗಿನ ಕೆಟ್ಟ ಗಾಳಿ ಹೋಗುವ ತನಕ ಕಾದು, ದೀಪ ಇಳಿಬಿಟ್ಟು ನೋಡಿ, ಆಮೇಲೆ ಇಳಿಯುತ್ತಿದ್ದರು. ಅವರೆಕಾಳು ಹಾಗಲ್ಲ. ಒಂದು ಮಳೆಗಾಲ ಮರೆತರೆ ಕಾಳಿಗೊಂದು ತೂತು. ಅದಕ್ಕೆ ಅಜ್ಜಿ ಕೆಮ್ಮಣ್ಣು ಕಟ್ಟುತ್ತಿದ್ದರು, ಬೇಸಿಗೆಯಲ್ಲಿ ತೆಗೆದು ಬಿಸಿಲಿಗೆ ಹರವುತ್ತಿದ್ದರು, ಅಕ್ಕಪಕ್ಕದವರಿಗೆ ಬೀಜಕ್ಕೆ ಅಂತ ಒಂದೊಂದು ಸೇರು ಕೊಡುತ್ತಿದ್ದರು. ನಮ್ಮ ಬೀಜ ಹಾಳಾದ ವರ್ಷ ಅವರ ಮನೆಯಿಂದಲೇ ವಾಪಸು ತಂದದ್ದೂ ಉಂಟು. ಈ ಫ್ಲಾಪಿ, ಸಿಡಿ, ಫೋನಿನ ಫೋಟೋ ಎಲ್ಲ ಅವರೆಕಾಳಿನ ಜಾತಿ. ನಾವು ಅದನ್ನು ರಾಗಿ ಅಂದುಕೊಂಡು ಹಗೇವಿಗೆ ಸುರಿದುಬಿಟ್ಟಿದ್ದೇವೆ.

ಕಲ್ಲಿನ ಶಾಸನವಾದರೆ ರಾಗಿ ಜಾತಿಯದು ಅಂದೆ. ಮೇಷ್ಟ್ರು ಒಪ್ಪಲಿಲ್ಲ. 'ರಾಗಿ ಜಾತಿಯದು ಕಲ್ಲು ಅಂತೀಯಾ? ಕಲ್ಲಿಗೂ ಓದುವವರು ಬೇಕಮ್ಮ' ಅಂದರು. ಅವರು ಹೇಳಿದ್ದು ಬೇಗೂರಿನದು. ಇಲ್ಲೇ, ಬಸ್ಸಿನಲ್ಲಿ ಅರ್ಧ ಗಂಟೆ. ಅಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿ ಕ್ರಿ.ಶ. 890ರ ಸುಮಾರಿನ ಒಂದು ವೀರಗಲ್ಲಿದೆ. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಕಡೆಯ ಬುಟ್ಟನಸೆಟ್ಟಿ ಸತ್ತ ಅಂತ ಅದರಲ್ಲಿದೆ. ಬೆಂಗಳೂರು ಅನ್ನುವ ಹೆಸರಿಗೆ ನಮ್ಮ ಹತ್ತಿರ ಇರುವ ಹಳೇ ಸಾಕ್ಷಿ ಅದೇ. ಮೇಷ್ಟ್ರು ಒಂದು ಸಲ ಮಕ್ಕಳನ್ನು ಕರೆದುಕೊಂಡು ಹೋಗಿದ್ದರಂತೆ. ಕನ್ನಡವೇ, ಆದರೆ ಒಂದಕ್ಷರ ಯಾರಿಗೂ ಓದಲು ಬರಲಿಲ್ಲ. ಒಬ್ಬ ಹುಡುಗ 'ಸಾರ್, ಇದು ಯಾವ ಫಾಂಟು?' ಅಂದನಂತೆ. ಎಷ್ಟು ಸರಿಯಾದ ಪ್ರಶ್ನೆ! ಹಳಗನ್ನಡ ಲಿಪಿ ಓದಬಲ್ಲವರು ತಲೆಮಾರಿನಿಂದ ತಲೆಮಾರಿಗೆ ಒಬ್ಬರಿಗೊಬ್ಬರು ಕಲಿಸುತ್ತ ಬಂದದ್ದಕ್ಕೆ ಆ ಕಲ್ಲು ಇವತ್ತೂ ಮಾತಾಡುತ್ತಿದೆ. ಈಗ ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಿನ ಶಾಸನಗಳನ್ನೆಲ್ಲ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಲೇಔಟು ಎದ್ದಲ್ಲೆಲ್ಲ ಕಲ್ಲುಗಳು ಮಾಯವಾಗುತ್ತಿವೆ, ಇದು ಬಹಳ ದೊಡ್ಡ ಕೆಲಸ. ಸಾವಿರ ವರ್ಷ ರಾಗಿಯಾಗಿದ್ದದ್ದು ಈಗ ಅವರೆಯೂ ಆಯಿತು ಅನ್ನಿ, ಅದಕ್ಕೂ ಬಿಸಿಲು ಕಾಯಿಸುವವರು ಬೇಕು.

ಅವರೆಕಾಳು ಬೀಜಕ್ಕೆ ಹಂಚುವುದು ಅಂದೆನಲ್ಲ, ಅದಕ್ಕೂ ಒಂದು ಕಥೆ ಇದೆ. ಟಾಟಾ ಇನ್‌ಸ್ಟಿಟ್ಯೂಟಿನ ಪ್ರೊಫೆಸರ್ ಎನ್. ಬಾಲಕೃಷ್ಣನ್ ಅವರ ಮುಂದಾಳ್ತನದಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಅಂತ ಲಕ್ಷಗಟ್ಟಲೆ ಹಳೇ ಪುಸ್ತಕ ಸ್ಕ್ಯಾನ್ ಮಾಡಿದರು. ಕನ್ನಡದ ಅಪರೂಪದ ಎಷ್ಟೋ ಪುಸ್ತಕ ಅದರಲ್ಲಿ. ಹುಡುಕುವುದೇ ಒಂದು ಆಟ, ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಯಾರ್ಯಾರೋ ಹೇಗ್ಹೇಗೋ ಬರೆದಿದ್ದಾರೆ. ಕೆಲವು ಪುಟದಲ್ಲಿ ಪುಸ್ತಕ ಒತ್ತಿ ಹಿಡಿದವರ ಹೆಬ್ಬೆರಳೂ ಬಂದಿದೆ. ನನಗೆ ಆ ಹೆಬ್ಬೆರಳು ಕಂಡರೆ ಬಹಳ ಪ್ರೀತಿ. ಮುಂದೆ ಆ ತಾಣ ನಿಂತುಹೋಯಿತು. ಆದರೆ ಅಷ್ಟರಲ್ಲಿ ಇಂಟರ್‌ನೆಟ್ ಆರ್ಕೈವ್‌ಗೆ ಐದು ಲಕ್ಷದಷ್ಟು ಪುಸ್ತಕದ ಪ್ರತಿ ಹೋಗಿತ್ತು, ಇವತ್ತೂ ಅಲ್ಲಿ ಸಿಗುತ್ತವೆ. ನಮ್ಮ ಎಲೆಕ್ಟ್ರಾನಿಕ್ ಸಿಟಿಯ ಐಐಐಟಿಯಲ್ಲೂ ಕರ್ನಾಟಕ ಜ್ಞಾನ ಆಯೋಗದ 'ಕಣಜ' ಕಟ್ಟಿದರು, ಕನ್ನಡದ ಜ್ಞಾನವನ್ನೆಲ್ಲ ಒಂದು ಕಡೆ ತುಂಬುವ ಜಾಲತಾಣ. ಗಾಜಿನ ಕಟ್ಟಡಗಳ ನಡುವೆ ಕೂತವರಿಗೆ ಕಣಜ ಅನ್ನುವ ಹೆಸರು ಹೊಳೆಯಿತಲ್ಲ, ಅದು ನನಗೆ ಇಷ್ಟವಾಯಿತು.

ಇನ್ನೊಂದು ಮಾತು. ನನ್ನ ಮಗನ ಕೆಲಸ ಏನು ಗೊತ್ತಾ? ಅಮೆರಿಕದ ಯಾವುದೋ ಬ್ಯಾಂಕಿನ ಹಳೇ ಪ್ರೋಗ್ರಾಮನ್ನು ನೋಡಿಕೊಳ್ಳುವುದು. ಅದು ಅವನಿಗಿಂತ ಹತ್ತು ವರ್ಷ ದೊಡ್ಡದು. ವೈಟುಕೆ ಕಾಲದಲ್ಲಿ ಈ ಊರಿನ ಕಿಟಕಿಗಳಲ್ಲಿ ರಾತ್ರಿಯೆಲ್ಲ ದೀಪ ಉರಿದದ್ದೂ ಅದಕ್ಕೇ ತಾನೆ? ಇಸವಿಗೆ ನಾಲ್ಕು ಅಂಕಿ ಬದಲು ಎರಡೇ ಇಟ್ಟು ಜಾಗ ಉಳಿಸಿದ್ದ ಹಳೇ ಪ್ರೋಗ್ರಾಮುಗಳು, ಬರೆದವರೇ ಊಹಿಸದಷ್ಟು ಕಾಲ ಬಾಳಿಬಿಟ್ಟಿದ್ದವು. ಅವನ್ನು ರಿಪೇರಿ ಮಾಡಿಯೇ ನಮ್ಮ ಎಷ್ಟೋ ಕಂಪನಿಗಳು ಮೇಲೆ ಬಂದವು. ಬೇರೆಯವರ ಹಳೇ ಸಾಮಾನನ್ನು ಜೋಪಾನ ಮಾಡಿ ಅನ್ನ ತಿನ್ನುವ ಊರು ಇದು. ಇಲ್ಲಿಯ ಹುಡುಗರ ಕೈಯಲ್ಲಿ ಆ ವಿದ್ಯೆ ಇದೆ. ಅದರಲ್ಲಿ ಭಾನುವಾರದ ಒಂದು ಗಂಟೆ ತಮ್ಮ ಅಜ್ಜಿಯ ಫ್ಲಾಪಿಗೆ ಕೊಟ್ಟರೆ ಸಾಕು ಅಂತ ನನ್ನ ಆಸೆ. ಗುಜರಿಗೆ ಹಾಕಬಾರದು ಅಂತಲ್ಲ. ಖಾಲಿ ಡಬ್ಬ, ಸತ್ತ ಬೋರ್ಡು ಹೋಗಬೇಕಾದದ್ದೇ. ದಾಬಸ್‌ಪೇಟೆಯಲ್ಲಿ ಇ-ಪರಿಸರದವರು 2005ರಿಂದ ಅದನ್ನು ಶಾಸ್ತ್ರೋಕ್ತವಾಗಿ ಬಿಡಿಸಿ ತಾಮ್ರ, ಚಿನ್ನ ಬೇರೆ ಮಾಡುತ್ತಾರೆ. ವೈರು ಸುಟ್ಟು ಹೊಗೆ ಎಬ್ಬಿಸುವುದಕ್ಕಿಂತ ಅದು ಎಷ್ಟೋ ಮೇಲು. ಹಾಕುವ ಮೊದಲು ಒಳಗೆ ಯಾರಾದರೂ ಇದ್ದಾರಾ ಅಂತ ಒಂದು ಸಲ ಕೂಗಿ ನೋಡಬೇಕು, ಅಷ್ಟೇ.

ಭಾನುವಾರ ಮೇಷ್ಟ್ರು ಡಬ್ಬ ಹಿಡಿದು ಬಂದರು. ಯಜಮಾನರು ಮಂಚದ ಕೆಳಗಿನಿಂದ ಯಂತ್ರ ಎಳೆದು, ಧೂಳು ಒರೆಸಿ, ನೆಲದ ಮೇಲೇ ಕೂತು ವೈರು ಜೋಡಿಸಿದರು. ಮೊದಲ ಮೂರು ಫ್ಲಾಪಿ ಏನೂ ಅನ್ನಲಿಲ್ಲ. ನಾಲ್ಕನೆಯದರ ಚೀಟಿಯ ಮೇಲೆ ಪೆನ್ನಿನಲ್ಲಿ 'ಶಾಲಾ ಸಂಚಿಕೆ, 7ನೇ ಕ್ಲಾಸು' ಅಂತಿತ್ತು. ಕರ್ರ್ ಕರ್ರ್ ಅಂದಿತು, ನಿಂತಿತು, ಮತ್ತೆ ಕರ್ರ್ ಅಂದಿತು. ಪರದೆ ತುಂಬ ಪೌಂಡು ಬಂದು ಕೂತವು.

ಮಗ ಪರಿವರ್ತಕ ತೆರೆಯುವಷ್ಟರಲ್ಲಿ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಬಗ್ಗಿದರು. ಬೆರಳಿಟ್ಟು ಸಾಲಿನಿಂದ ಸಾಲಿಗೆ ಹುಡುಕುತ್ತ ಹೋದರು. ಒಂದು ಕಡೆ ಬೆರಳು ನಿಂತಿತು.

'ಇಲ್ಲಿ ನೋಡಮ್ಮ,' ಅಂದರು, 'ಯಾವನೋ ನಮ್ಮ ಹುಡುಗ. ನಾನು ಅಂತಿದಾನೆ.'